ಎಣಿಕೆಯೂ ಬರಹದೊಳಗೇ ಇರಲಿ

ಗಡಿನಾಡಿನ ಕನ್ನಡದಲ್ಲಿ ಬೆರೆತ ಮರಾಠಿ ಪದಗಳ ಪಟ್ಟಿಯೊಂದನ್ನು ಹಲವು ವರ್ಷಗಳಿಂದ ಬೆಳೆಸುತ್ತ ಬಂದಿದ್ದೇನೆ. ಕಳೆದ ವರ್ಷ ಅದನ್ನು ಓದಿದ ವಿದ್ಯಾರ್ಥಿನಿಯೊಬ್ಬಳು, "ಸರ್, ಪ್ರಸ್ತಾವನೆಯ ಸಂಖ್ಯೆಗೂ ಪಟ್ಟಿಗೂ ತಾಳೆಯಾಗುವುದಿಲ್ಲವಲ್ಲ?" ಎಂದು ಕೇಳಿದಳು. ಪಟ್ಟಿ ಬೆಳೆದಿತ್ತು, ಸಂಖ್ಯೆ ಹಳೆಯದಾಗಿಯೇ ಉಳಿದಿತ್ತು. ಅಂದು ಹೇಗೆ ಎಣಿಸಿದ್ದೆನೆಂಬುದೂ ನನಗೆ ನೆನಪಿರಲಿಲ್ಲ.

ಈ ತೊಡಕಿಗೆ ಗಣಕ ಬಲ್ಲವರು ಎಂದೋ ಪರಿಹಾರ ಕಂಡುಕೊಂಡಿದ್ದಾರೆ. ಗಣಕಕ್ಕೆ ಸಾಲುಸಾಲಾಗಿ ಕೊಡುವ ಆದೇಶಗಳ ಬರಹಕ್ಕೆ ಶೆಲ್ ಸ್ಕ್ರಿಪ್ಟ್ ಎನ್ನುತ್ತಾರೆ. ಅದನ್ನು ಬೇರೆ ಕಡತದಲ್ಲಿಡದೆ ಪ್ರಬಂಧದ ನಡುವೆಯೇ ಬರೆದು, ಅಲ್ಲಿಂದಲೇ ನಡೆಸಬಹುದು. ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದ ಆರ್ಗ್ ಮೋಡ್‌ನಲ್ಲಿ ಶೆಲ್ಲನ್ನು ಒಮ್ಮೆ ಸಕ್ರಿಯಗೊಳಿಸಿಕೊಂಡರೆ ಸಾಕು. ಆದೇಶದ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಯನ್ನು ಎರಡು ಬಾರಿ ಒತ್ತಿದರೆ ಉತ್ತರ ಅದರ ಕೆಳಗೇ ಮೂಡುತ್ತದೆ. ಪಟ್ಟಿ ಬದಲಾದಾಗ ಮತ್ತೆ ಒತ್ತಿದರೆ ಸಂಖ್ಯೆಯೂ ಬದಲಾಗುತ್ತದೆ. ವಿವರಣೆ ಮತ್ತು ಪ್ರೋಗ್ರಾಂ ಒಂದೇ ಬರಹವಾಗಿರಬೇಕು, ಅದು ಮೊದಲು ಮನುಷ್ಯರು ಓದುವಂತಿರಬೇಕು ಎಂದು ಡೊನಾಲ್ಡ್ ಕ್ನೂತ್ 1984ರಲ್ಲೇ ವಾದಿಸಿದ್ದರು.

ಇದರ ಅಗತ್ಯ ಕನ್ನಡಿಗರಿಗೆ ಇನ್ನೂ ಹೆಚ್ಚು. 'ಕ್ಷ' ಎಂಬುದರಲ್ಲಿ ಎಷ್ಟು ಅಕ್ಷರಗಳಿವೆ? ಛಂದಸ್ಸಿನ ಪಾಠ ಕೇಳಿದವರು ಒಂದು ಎನ್ನುತ್ತಾರೆ. ಯೂನಿಕೋಡ್‌ನಲ್ಲಿ ಅದು ಕಕಾರ, ಹಲಂತ ಚಿಹ್ನೆ, ಷಕಾರ ಹೀಗೆ ಮೂರು. ಯುಟಿಎಫ್-8 ರೂಪದ ಕಡತದಲ್ಲಿ ಅದಕ್ಕೆ ಒಂಬತ್ತು ಬೈಟ್. ಎಣಿಸುವ 'ಡಬ್ಲ್ಯುಸಿ' ಆದೇಶದ ಮುಂದೆ 'ಎಂ' ಬರೆದರೆ ಮೂರು ಬರುತ್ತದೆ, 'ಸಿ' ಬರೆದರೆ ಒಂಬತ್ತು. ಮೂರೂ ಉತ್ತರಗಳು ತಮ್ಮ ತಮ್ಮ ನೆಲೆಯಲ್ಲಿ ಸರಿಯೇ. ಹೀಗಿರುವಾಗ, ಯಾವ ಆದೇಶದಿಂದ ಬಂದದ್ದೆಂದು ತಿಳಿಸದ ಬರಿಯ ಸಂಖ್ಯೆಯನ್ನು ಓದುಗ ಯಾವ ಆಧಾರದಿಂದ ನಂಬಬೇಕು?

ಅಪಾಯವೂ ಇಲ್ಲದಿಲ್ಲ. ಆದೇಶವನ್ನು ಹೊತ್ತ ಬರಹ ಬರಿಯ ಬರಹವಲ್ಲ. ಅದು ಕಡತಗಳನ್ನು ಎಣಿಸಬಲ್ಲದು, ಅಳಿಸಲೂ ಬಲ್ಲದು. 1999ರ ಮೆಲಿಸ್ಸಾ ವೈರಸ್ ಹರಡಿದ್ದು ವರ್ಡ್ ದಸ್ತಾವೇಜಿನೊಳಗೆ ಅಡಗಿದ್ದ ಮ್ಯಾಕ್ರೋದಿಂದ, ಮಿಂಚಂಚೆಯ ಮೂಲಕ. ಆದ್ದರಿಂದಲೇ ಆರ್ಗ್ ಮೋಡ್ ಪ್ರತಿಯೊಂದು ಆದೇಶವನ್ನು ನಡೆಸುವ ಮುನ್ನ ನಮ್ಮ ಒಪ್ಪಿಗೆ ಕೇಳುತ್ತದೆ. ಕಿರಿಕಿರಿಯೆಂದು ಆ ಪ್ರಶ್ನೆಯನ್ನು ನಿಲ್ಲಿಸಿಬಿಡುವವರಿದ್ದಾರೆ. ಅದು ತಪ್ಪೆಂದೇ ನನ್ನ ಅಭಿಪ್ರಾಯ. ಓದದೆ ಸಹಿ ಹಾಕಬಾರದೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಪರರ ಬರಹದಲ್ಲಿರುವ ಆದೇಶವನ್ನು ಅರ್ಥಮಾಡಿಕೊಳ್ಳದೆ ನಡೆಸಬಾರದು.

ಅಪಾಯವಿದೆಯೆಂದು ದೂರವಿಡುವುದೂ ತರವಲ್ಲ. ಉದ್ಧರಣೆಗೆ ಪುಟಸಂಖ್ಯೆ ಕೇಳುವ ನಾವು ಎಣಿಕೆಗೆ ಅದರ ವಿಧಾನವನ್ನೇಕೆ ಕೇಳಬಾರದು? ನಮ್ಮ ವಿಭಾಗದ ಸಂಪ್ರಬಂಧಗಳಲ್ಲಿ ಪದಗಳನ್ನೋ ಪ್ರಯೋಗಗಳನ್ನೋ ಎಣಿಸಿ ಹೇಳುವವರು ಮೂಲ ಪಟ್ಟಿಯನ್ನೂ ಎಣಿಸಿದ ಆದೇಶವನ್ನೂ ಬರಹದೊಡನೆಯೇ ಒಪ್ಪಿಸಬೇಕೆಂಬ ನಿಯಮ ಬರಲೆಂದು ಸೂಚಿಸುತ್ತೇನೆ. ಗಣಕ ಬಾರದವರು ಕೈಯಿಂದ ಎಣಿಸಿದ ಕ್ರಮವನ್ನು ನಾಲ್ಕು ವಾಕ್ಯಗಳಲ್ಲಿ ಬರೆದರೂ ಸಾಕು.

ನನ್ನ ಪ್ರಸ್ತಾವನೆಯಲ್ಲಿ ಆ ಹಳೆಯ ಸಂಖ್ಯೆ ಈಗಿಲ್ಲ. ಅದರ ಸ್ಥಾನದಲ್ಲಿ ಒಂದು ಸಾಲಿನ ಆದೇಶವಿದೆ, ಅದರ ಕೆಳಗೆ ಉತ್ತರವಿದೆ. ಆ ಸಾಲನ್ನು ಬರೆದುಕೊಟ್ಟವಳು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ.