ಆಜ್ಞಾಪತ್ರಗಳಿಗೊಂದು ಓರಣ

ಒಳ್ಳೆಯ ಅಚ್ಚುಕೂಟಗಳಲ್ಲಿ ಕರಡು ತಿದ್ದುವವರಿಗೊಂದು ಕಟ್ಟಳೆಯಿರುತ್ತದೆ. 'ಕೂಡ' ಎಂದು ಅಚ್ಚಾಗಬೇಕೊ 'ಕೂಡಾ' ಎಂದೊ, ಒಮ್ಮೆ ನಿಶ್ಚಯವಾದರೆ ಪುಸ್ತಕದ ಕಡೆಯ ಪುಟದವರೆಗೂ ಅದೇ ನಡೆಯತಕ್ಕದ್ದು. ಎರಡರಲ್ಲಿ ಯಾವುದು ಶುದ್ಧವೆಂಬ ವಾದ ಪಂಡಿತರಿಗೆ ಸೇರಿದ್ದು. ಇಂತಹುದೇ ಪ್ರಶ್ನೆಯೊಂದು ಈಗ ಗಣಕಯಂತ್ರಗಳ ಯೋಗಕ್ಷೇಮ ನೋಡಿಕೊಳ್ಳುವವರ ಮುಂದೆ ಬಂದಿದೆ. ಅವರಲ್ಲಿ ಅನೇಕರು ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವುದುಂಟು. ನಮಗೆ ಹಾಗೆ ತೋರುವುದಿಲ್ಲ.

ಒಂದು ಬ್ಯಾಂಕಿನ ವ್ಯವಹಾರದ ಹಿಂದೆ ಇಂದು ನೂರಾರು ಸರ್ವರ್‌ಗಳು ದುಡಿಯುತ್ತಿರುತ್ತವೆ. ಯಾವ ತಂತ್ರಾಂಶ ಇರಬೇಕು, ಯಾರಿಗೆ ಪ್ರವೇಶವುಂಟು, ಯಾವ ಬಾಗಿಲು ಮುಚ್ಚಿರಬೇಕು ಎಂಬ ಏರ್ಪಾಡು ಪ್ರತಿಯೊಂದರಲ್ಲೂ ತಪ್ಪಿಲ್ಲದೆ ಇರಬೇಕು. ಹಿಂದೆ ಮನುಷ್ಯನು ಒಂದೊಂದು ಯಂತ್ರದ ಮುಂದೆಯೂ ಕುಳಿತು ಇದನ್ನು ಮಾಡುತ್ತಿದ್ದನು. 1993ರಲ್ಲಿ ಓಸ್ಲೋ ವಿಶ್ವವಿದ್ಯಾನಿಲಯದಲ್ಲಿದ್ದ ಮಾರ್ಕ್ ಬರ್ಜೆಸ್ ಅವರು ಸಿಎಫ್‌ಎಂಜಿನ್ ಎಂಬ ಸಾಧನವನ್ನು ರಚಿಸಿದರು. 2005ರಲ್ಲಿ ಪಪೆಟ್, 2012ರಲ್ಲಿ ಆನ್ಸಿಬಲ್ ಬಂದವು. ಯಂತ್ರವು ಹೇಗಿರಬೇಕೆಂದು ನಾವು ಬರೆದಿಟ್ಟರೆ ಸಾಕು, ಸಾಧನವು ಅದನ್ನೋದಿ ಯಂತ್ರವನ್ನು ಹಾಗೆ ಮಾಡುತ್ತದೆ. ಈ ಬರಹವನ್ನು ನಾವು ಆಜ್ಞಾಪತ್ರವೆಂದು ಕರೆಯೋಣ.

ಆನ್ಸಿಬಲ್‌ನ ಆಜ್ಞಾಪತ್ರಗಳು ಯಾಮೆಲ್ ಎಂಬ ಬರಹಪದ್ಧತಿಯಲ್ಲಿರುತ್ತವೆ. 2001ರಲ್ಲಿ ಹುಟ್ಟಿದ ಈ ಪದ್ಧತಿಯಲ್ಲಿ ಯಾವುದು ಯಾವುದರ ಒಳಗಿನದೆಂಬುದು ಸಾಲಿನ ಮೊದಲಲ್ಲಿ ಬಿಟ್ಟ ಖಾಲಿ ಜಾಗದಿಂದಲೇ ತಿಳಿಯಬೇಕು. ಆ ಜಾಗವನ್ನು ಟ್ಯಾಬ್ ಕೀಲಿಯ ಗುರುತಿನಿಂದ ತುಂಬುವುದಕ್ಕೆ ಅಲ್ಲಿ ನಿಷೇಧವಿದೆ. ಇಷ್ಟು ಕಟ್ಟುನಿಟ್ಟಾದ ಪದ್ಧತಿ ಮಿಕ್ಕ ಕಡೆ ಧಾರಾಳ. ಪದಗಳಿಗೆ ಉದ್ಧರಣ ಚಿಹ್ನೆ ಹಾಕಿದರೂ ಸೈ, ಬಿಟ್ಟರೂ ಸೈ. ತೊಂದರೆ ಹುಟ್ಟುವುದು ಈ ಧಾರಾಳದಲ್ಲೇ.

ಒಂದು ನಿದರ್ಶನ. ಯುನಿಕ್ಸ್ ಪಂಗಡದ ಯಂತ್ರಗಳಲ್ಲಿ ಪ್ರತಿಯೊಂದು ಕಡತಕ್ಕೂ ಅನುಮತಿಯ ಅಂಕಿಗಳಿರುತ್ತವೆ. 4 ಎಂದರೆ ಓದಬಹುದು, 2 ಎಂದರೆ ಬರೆಯಬಹುದು. 6 ಎಂದರೆ ಎರಡೂ. ಆದುದರಿಂದ 0644 ಎಂಬುದು ಒಡೆಯನಿಗೆ ಓದುಬರಹಗಳೆರಡನ್ನೂ, ಅವನ ಗುಂಪಿಗೂ ಇತರರಿಗೂ ಓದನ್ನು ಮಾತ್ರವೂ ಕೊಡುತ್ತದೆ. ಇವು ಎಂಟರ ಆಧಾರದ ಅಂಕಿಗಳು. ಮೊದಲಿನ ಸೊನ್ನೆಯನ್ನೂ ಉದ್ಧರಣ ಚಿಹ್ನೆಯನ್ನೂ ಬಿಟ್ಟು ಬರಿಯ 644 ಎಂದು ಬರೆದಿರೋ, ಸಾಧನವು ಅದನ್ನು ನಮ್ಮ ದಿನಬಳಕೆಯ ಆರುನೂರ ನಲವತ್ತನಾಲ್ಕೆಂದು ಗ್ರಹಿಸುತ್ತದೆ. ಎಂಟರ ಆಧಾರಕ್ಕೆ ತಿರುಗಿಸಿದರೆ ಅದು 1204. ಫಲವೇನು? ಒಡೆಯನು ತನ್ನ ಕಡತದಲ್ಲಿ ಬರೆಯಬಲ್ಲನು, ಓದಲಾರನು. ಅವನ ಗುಂಪಿನವರಿಗೆ ಏನೂ ಇಲ್ಲ. ಹೊರಗಿನವನು ಸುಖವಾಗಿ ಓದಬಲ್ಲನು! ಸಾಧನವು ತಪ್ಪೆಂದು ಕೂಗುವುದೂ ಇಲ್ಲ, ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ.

ನಾರ್ವೆ ದೇಶದ ಎರಡಕ್ಷರದ ಸಂಕೇತ ಎನ್-ಓ. ಚಿಹ್ನೆಯಿಲ್ಲದೆ ಬರೆದಾಗ ಯಾಮೆಲ್‌ನ ಹಳೆಯ ನಿಯಮದಂತೆ ಅದು 'ಇಲ್ಲ' ಎಂಬ ನಿಷೇಧವಾಗಿಬಿಡುತ್ತದೆ. ದೇಶಗಳ ಪಟ್ಟಿಯಿಂದ ಒಂದು ದೇಶವೇ ಮಾಯ. 3.10 ಎಂಬ ಆವೃತ್ತಿಯ ಸಂಖ್ಯೆ ದಶಾಂಶವಾಗಿ 3.1ಕ್ಕೆ ಇಳಿಯುತ್ತದೆ. 2009ರ ಪರಿಷ್ಕರಣದಲ್ಲಿ ನಾರ್ವೆಯ ತೊಡಕನ್ನು ತೆಗೆದುಹಾಕಿದರಾದರೂ, ಹಳೆಯ ನಿಯಮವನ್ನೇ ಅನುಸರಿಸುವ ತಂತ್ರಾಂಶಗಳು ಇಂದಿಗೂ ಬಳಕೆಯಲ್ಲಿವೆ. ಪದವಾಗಿ ಉಳಿಯಬೇಕಾದುದನ್ನೆಲ್ಲ ಉದ್ಧರಣ ಚಿಹ್ನೆಗಳೊಳಗೆ ಇಡುವ ಅಭ್ಯಾಸ ಅಂದಕ್ಕಾಗಿ ಬಂದುದಲ್ಲವೆಂಬುದು ಇದರಿಂದ ಓದುಗರಿಗೆ ಮನವರಿಕೆಯಾದೀತು.

ಇನ್ನು ಓದುವ ಮನುಷ್ಯನ ಮಾತು. ಒಬ್ಬರು ಮಾಡಿದ ಬದಲಾವಣೆಯನ್ನು ಇನ್ನೊಬ್ಬರು ಪರಿಶೀಲಿಸಿ ಒಪ್ಪಿಗೆ ಕೊಡುವುದು ಈ ಕಸುಬಿನ ಒಳ್ಳೆಯ ಸಂಪ್ರದಾಯ. ಬದಲಾದ ಸಾಲುಗಳನ್ನಷ್ಟೇ ಯಂತ್ರವು ಎತ್ತಿ ತೋರಿಸುತ್ತದೆ. ಒಮ್ಮೆ ಇಂತಹ ಇನ್ನೂರು ಸಾಲುಗಳು ನಮ್ಮ ಮುಂದೆ ಬಂದವು. ಬರೆದವರು ಉತ್ಸಾಹದಿಂದ ಇಡೀ ಕಡತದ ಖಾಲಿ ಜಾಗಗಳನ್ನು ಸರಿಪಡಿಸಿದ್ದರು. ನಾಲ್ಕು ಪುಟ ನೋಡುವಷ್ಟರಲ್ಲಿ ಕಣ್ಣು ಸೋತಿತು. ನಾವು ಒಪ್ಪಿಗೆ ಕೊಟ್ಟೆವು. ಆ ಜಾಗಗಳ ನಡುವೆ ಬಾಗಿಲು ಕಾಯುವ ನಿಯಮವೊಂದರ ನಿಜವಾದ ಬದಲಾವಣೆಯೂ ಅಡಗಿತ್ತು. ಮರುದಿನ ಬೆಳಿಗ್ಗೆ ಅರ್ಧದಷ್ಟು ಯಂತ್ರಗಳು ಉಳಿದರ್ಧದೊಡನೆ ಮಾತು ಬಿಟ್ಟಿದ್ದವು. ತಪ್ಪು ಬರೆದವರದಷ್ಟೇ ಅಲ್ಲ, ನಮ್ಮದೂ ಹೌದು. ಅಂದಿನಿಂದ ಓರಣ ಮಾಡುವ ತಿದ್ದುಪಡಿ, ಅರ್ಥ ಬದಲಿಸುವ ತಿದ್ದುಪಡಿ ಎರಡೂ ಕೂಡಿ ಬಂದರೆ ಹಿಂದಿರುಗಿಸುತ್ತೇವೆ.

ಪಪೆಟ್‌ನ ಶೈಲಿಸೂತ್ರಗಳು ಸಾಲುಗಳ ಬಾಣದ ಗುರುತುಗಳು ಒಂದರ ಕೆಳಗೊಂದು ನೇರವಾಗಿ ನಿಲ್ಲಬೇಕೆನ್ನುತ್ತವೆ. ನೋಡಲು ಚೆನ್ನ. ಆದರೆ ಉದ್ದ ಹೆಸರಿನ ಒಂದು ಸಾಲು ಬಂದು ಸೇರಿತೆಂದರೆ ನೆರೆಯ ಸಾಲುಗಳೆಲ್ಲ ಸರಿದು ಕೊಡಬೇಕು. ಪರಿಶೀಲಿಸುವವನಿಗೆ ಒಂದರ ಬದಲು ಹತ್ತು ಸಾಲು. ನಮಗಿದು ಹಿಡಿಸದು. ಆದರೂ ಪಪೆಟ್ ಬರೆಯುವವರು ಅದನ್ನೇ ಪಾಲಿಸಲಿ ಎನ್ನುತ್ತೇವೆ. ಎಲ್ಲರೂ ಪಾಲಿಸುವ ಸೂತ್ರವನ್ನು ನಮ್ಮೊಬ್ಬರ ರುಚಿಗಾಗಿ ಮುರಿಯುವುದರಲ್ಲಿ ಲಾಭವಿಲ್ಲ.

ರುಚಿಯ ಜಗಳವನ್ನು ಮುಗಿಸುವ ಉಪಾಯವನ್ನು 2009ರಲ್ಲಿ ಪ್ರಕಟವಾದ ಗೋ ಭಾಷೆಯವರು ತೋರಿಸಿದರು. ಗೋಫಮ್ಟ್ ಎಂಬ ಅವರ ಸಾಧನ ಯಾರನ್ನೂ ಕೇಳದೆ ಬರಹವನ್ನು ಒಂದೇ ಅಚ್ಚಿಗೆ ತರುತ್ತದೆ. 2014ರ ಟೆರಾಫಾರ್ಮ್‌ನಲ್ಲಿಯೂ ಅಂತಹ ಆಜ್ಞೆಯೊಂದಿದೆ. ಆನ್ಸಿಬಲ್ ಬಳಸುವವರಿಗೆ ಆನ್ಸಿಬಲ್-ಲಿಂಟ್, ಯಾಮೆಲ್‌ಲಿಂಟ್ ಎಂಬ ದೋಷಶೋಧಕಗಳುಂಟು. ಹಳೆಯ ಕಡತಗಳ ಮೇಲೆ ಇವನ್ನು ಮೊದಲ ಸಲ ನಡೆಸಿದರೆ ದೂರುಗಳ ಮಳೆಯೇ ಸುರಿದೀತು. ಹೆದರಿ ಕೈಬಿಟ್ಟವರನ್ನು ನಾವು ದೂಷಿಸುವುದಿಲ್ಲ. ಮೊದಲು ಅನುಮತಿಯ ಅಂಕಿಗಳಂತಹ ಅಪಾಯದ ನಿಯಮಗಳನ್ನಷ್ಟೇ ಜಾರಿಗೆ ತರಬಹುದು. ಬಳಿಕ ಒಂದು ದಿನ ಗೊತ್ತುಮಾಡಿ, ಬೇರೇನನ್ನೂ ಮುಟ್ಟದೆ, ಎಲ್ಲ ಕಡತಗಳನ್ನೂ ಒಟ್ಟಿಗೆ ಓರಣಗೊಳಿಸಬಹುದು. ಯಾವ ಸಾಲು ಯಾರದೆಂದು ಮುಂದೆ ಹುಡುಕುವಾಗ ಆ ಒಂದು ತಿದ್ದುಪಡಿಯನ್ನು ಲೆಕ್ಕಕ್ಕೆ ಹಿಡಿಯದಂತೆ ಗಿಟ್ ಎಂಬ ದಾಖಲೆ ಸಾಧನಕ್ಕೆ ಹೇಳಿಡಲು 2019ರಿಂದ ಅನುಕೂಲವಿದೆ.

ಸಾಲಿನ ಮೊದಲಲ್ಲಿ ಎರಡು ಜಾಗವೋ ನಾಲ್ಕೋ ಎಂದು ನಮ್ಮನ್ನು ಕೇಳುವವರುಂಟು. ವಯಸ್ಸಾದ ಕಣ್ಣಿಗೆ ನಾಲ್ಕೇ ಹಿತವೆಂದು ನಾವು ಬಹುಕಾಲ ವಾದಿಸಿದೆವು. ನಮ್ಮ ಗುಂಪಿನ ಕಿರಿಯರು ಎರಡೆಂದು ನಿಶ್ಚಯಿಸಿದರು. ಈಗ ನಾವೂ ಎರಡನ್ನೇ ಬಿಡುತ್ತಿದ್ದೇವೆ. ಕನ್ನಡಕವನ್ನು ಮಾತ್ರ ಬದಲಿಸಿಕೊಂಡಿದ್ದೇವೆ.