ಮರಳ ನಾಡಿನಿಂದ: ಬಾಲಣ್ಣ ಕೊಟ್ಟ ಧೈರ್ಯ



ಈ ಸಲ ಬರೆಯುತ್ತಿರುವುದು ನನ್ನದೇ ಒಂದು ಅಳುಕನ್ನು ಕುರಿತು, ಅದನ್ನು ನೀಗಿದ ಹಿರಿಯ ಕಲಾವಿದರೊಬ್ಬರನ್ನು ಕುರಿತು.

ಯಂತ್ರಗಳ ಅಬ್ಬರದ ನಡುವೆ ಇಪ್ಪತ್ತೆರಡು ವರ್ಷ ದುಡಿದ ನನಗೆ ಈಗ ಬಲಗಿವಿ ಪೂರ್ತಿ ಕೇಳಿಸದು, ಎಡಗಿವಿ ಅರ್ಧ ಮಾತ್ರ. ಕಳೆದ ರಾಜ್ಯೋತ್ಸವಕ್ಕೆ ದೋಹಾದ ಗೆಳೆಯರು ನಾಟಕವೊಂದನ್ನು ಆರಿಸಿ, ಮುದಿ ಶಾನುಭೋಗನ ಪಾತ್ರಕ್ಕೆ ನನ್ನನ್ನು ಕರೆದರು. ಒಲ್ಲೆನೆಂದೆ. ಎದುರಿನವರ ಮಾತು ಮುಗಿದದ್ದೇ ತಿಳಿಯದವನು ತನ್ನ ಮಾತನ್ನು ಎಲ್ಲಿಂದ ಎತ್ತಿಕೊಳ್ಳಬೇಕು?

ಆ ಶುಕ್ರವಾರ ಮನೆಯಲ್ಲಿ ‘ಬಂಗಾರದ ಮನುಷ್ಯ’ ನೋಡುತ್ತಿದ್ದೆವು. ಬಾಲಕೃಷ್ಣರ ರಾಚೂಟಪ್ಪ ತೆರೆಗೆ ಬಂದೊಡನೆ ನನ್ನಾಕೆ, ನನ್ನತ್ತ ತಿರುಗದೆಯೇ, “ಇವರಿಗೂ ಕಿವಿ ಕೇಳಿಸುತ್ತಿರಲಿಲ್ಲ, ಅಲ್ಲವೇನ್ರೀ?” ಎಂದಳು.

ಹೌದು, ಕೇಳಿಸುತ್ತಿರಲಿಲ್ಲ. ಅರಸೀಕೆರೆಯ ಟಿ.ಎನ್. ಬಾಲಕೃಷ್ಣ ನಾಟಕ ಕಂಪನಿಗಳಲ್ಲಿ ಪಳಗಿ, 1943ರ ‘ರಾಧಾರಮಣ’ದಿಂದ ಚಿತ್ರರಂಗಕ್ಕೆ ಬಂದವರು. ಶ್ರವಣದೋಷವಿದ್ದ ಅವರು ಎದುರಿನವರ ತುಟಿಯ ಚಲನೆಯನ್ನು ಗಮನಿಸಿ ತಮ್ಮ ಮಾತನ್ನು ಆಡುತ್ತಿದ್ದರು. ಐನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ಕುತಂತ್ರಿಯಾಗಿ ನಮ್ಮ ಸಿಟ್ಟನ್ನೂ, ಹಾಸ್ಯಗಾರರಾಗಿ ನಗೆಯನ್ನೂ, ನೊಂದ ಹಿರಿಯರಾಗಿ ಕಣ್ಣೀರನ್ನೂ ಅವರು ಸಮನಾಗಿ ಗಳಿಸಿದರು. ಚಿತ್ರಗಳಲ್ಲಿ ಅವಕಾಶ ವಿರಳವಾದಾಗ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅವರೊಡಗೂಡಿ ಕಲಾವಿದರ ಸಂಘ ಕಟ್ಟಿ ನಾಟಕಗಳನ್ನಾಡಿದರು. 1960ರಲ್ಲಿ ಆ ಸಂಘದಿಂದಲೇ ‘ರಣಧೀರ ಕಂಠೀರವ’ ಹೊರಬಂದಿತು. ಕನ್ನಡ ಚಿತ್ರಗಳು ಕನ್ನಡ ನೆಲದಲ್ಲೇ ತಯಾರಾಗಲೆಂದು ಬೆಂಗಳೂರಿನ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋ ಸ್ಥಾಪಿಸಲು ಹೆಣಗಿದರು. 1995ರ ಜುಲೈ 19ರಂದು ತೀರಿಕೊಂಡರು. ಅಭಿನಯದಲ್ಲಿ ನಾಯಕನ ಪಟ್ಟ ಅವರಿಗೆ ದೊರೆತದ್ದು ಅಪರೂಪ. ಆದರೆ ನಾಯಕನ ಮಾತಿಗೆ ತೂಕ ಬರುತ್ತಿದ್ದುದು ಇಂಥವರು ಎದುರಿಗೆ ನಿಂತಾಗಲೇ.

ಮರುದಿನವೇ ಗೆಳೆಯರಿಗೆ ಫೋನು ಮಾಡಿ ಪಾತ್ರವನ್ನು ಒಪ್ಪಿಕೊಂಡೆ. ನನ್ನ ಮಾತಿನ ಜೊತೆಗೆ ಎಲ್ಲರ ಮಾತನ್ನೂ ಬಾಯಿಪಾಠ ಮಾಡಿದೆ. ನನ್ನೊಡನೆ ಮಾತನಾಡುವಾಗ ಮುಖ ತೋರಿಸಿರೆಂದು ಸಹಕಲಾವಿದರನ್ನು ಕೇಳಿಕೊಂಡೆ. ಮೊಮ್ಮಗಳ ಪಾತ್ರದ ಹುಡುಗಿ ಇಲ್ಲೇ ಹುಟ್ಟಿ ಬೆಳೆದವಳು. ತನ್ನ ಮಾತುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಕಲಿಯುತ್ತಿದ್ದಳು. ಅವಳಿಗೆ ಕನ್ನಡ ಓದಲು ಬಾರದು, ನನಗೆ ಕನ್ನಡ ಕೇಳಿಸದು. ಹೀಗೆ ಒಬ್ಬರಿಗೊಬ್ಬರು ಆಸರೆಯಾದೆವು.

ಪ್ರದರ್ಶನದ ದಿನ ಎರಡನೆಯ ದೃಶ್ಯದಲ್ಲಿ ತರುಣ ನಟನೊಬ್ಬ ಗಾಬರಿಯಿಂದ ಸಭೆಯತ್ತ ತಿರುಗಿಬಿಟ್ಟ. ಅವನ ತುಟಿ ಕಾಣಲಿಲ್ಲ. ನಾನು ಕಂಬದಂತೆ ನಿಂತೆ. ಅಷ್ಟರಲ್ಲಿ ಆ ಹುಡುಗಿ ನನ್ನ ಪಂಚೆಯ ಅಂಚನ್ನು ಮೆಲ್ಲನೆ ಜಗ್ಗಿ, “ಹೇಳಿ ತಾತ” ಎಂದಳು. ಅದು ನಾಟಕದಲ್ಲಿರಲಿಲ್ಲ. ತುಟಿಯೋದಿ ತಿಳಿದೆ, ನನ್ನ ಮಾತು ತಾನಾಗಿ ಬಂದಿತು. ಸಭಿಕರಿಗೆ ಏನೂ ಗೊತ್ತಾಗಲಿಲ್ಲ.

ಬಾಂಧವರೇ, ನಿಮ್ಮ ಊರಿನ ಸಂಘಗಳಲ್ಲೂ ಕಿವಿ ಮಂದವಾಯಿತೆಂದು, ಕಣ್ಣು ಮಸುಕಾಯಿತೆಂದು ಹಿಂದಿನ ಸಾಲಿಗೆ ಸರಿದ ಹಿರಿಯರಿರಬಹುದು. ಅವರಿಗೆ ಶಾಲು ಹೊದಿಸಿ ಕೂರಿಸುವುದರ ಜೊತೆಗೆ ಒಂದು ಪಾತ್ರವನ್ನೂ ಕೊಡಿ. ಪಕ್ಕದಲ್ಲಿ ಒಂದು ಮಗುವನ್ನು ನಿಲ್ಲಿಸಿ.