ಪಿಂಚಣಿ ಯಾರಪ್ಪನ ಮನೆ ಗಂಟು?

ನಾಳೆ ಬೆಳಿಗ್ಗೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಾಗ, ಹಾಸ್ಟೆಲಿನಲ್ಲಿ ನಿಮಗೆ ಅನ್ನ ಬಡಿಸುವ ಅಕ್ಕನನ್ನು ಒಂದು ಮಾತು ಕೇಳಿ. "ಅಕ್ಕಾ, ನೀವು ಖಾಯಮ್ಮಾ, ಹೊರಗುತ್ತಿಗೆಯಾ? ಅರವತ್ತಾದ ಮೇಲೆ ನಿಮಗೇನು ಸಿಗುತ್ತೆ?" ಎಷ್ಟೋ ಹಾಸ್ಟೆಲುಗಳಲ್ಲಿ ಉತ್ತರ ಒಂದೇ: "ಏನಿಲ್ಲಪ್ಪಾ." ಸರ್ಕಾರಿ ಕಟ್ಟಡ, ಸರ್ಕಾರಿ ಅಕ್ಕಿ, ಸರ್ಕಾರಿ ಒಲೆ. ಅಡುಗೆ ಮಾಡೋ ಆಕೆ ಮಾತ್ರ ಸರ್ಕಾರದವಳಲ್ಲ!

ಪತ್ರಿಕೆಗಳಲ್ಲಿ ಪಿಂಚಣಿ ಬಗ್ಗೆ ದೊಡ್ಡ ಜಗಳ ನಡೀತಿದೆ. ಹಳೇ ಪಿಂಚಣಿ ಬೇಕು ಅಂತ ನೌಕರರು, ಕೊಟ್ಟರೆ ಬೊಕ್ಕಸ ಬರಿದಾಗುತ್ತೆ ಅಂತ ಪಂಡಿತರು. ಹಳೇ ಪದ್ಧತಿಯಲ್ಲಿ ನೌಕರ ತನ್ನ ಕೊನೆಯ ಮೂಲ ವೇತನದ ಅರ್ಧವನ್ನು, ಅದರ ಮೇಲೆ ತುಟ್ಟಿಭತ್ಯೆಯನ್ನು ಸಾಯೋವರೆಗೂ ಪಡೀತಾನೆ. ಹೊಸದರಲ್ಲಿ ಸಂಬಳದ ನೂರಕ್ಕೆ ಹತ್ತು ಮುರಿದುಕೊಳ್ಳುತ್ತಾರೆ, ಸರ್ಕಾರ ತನ್ನ ಪಾಲು ಹಾಕುತ್ತೆ, ಆ ಹಣ ಪೇಟೆಯಲ್ಲಿ ಹೂಡಿಕೆಯಾಗುತ್ತೆ. ಪೇಟೆ ಎದ್ದರೆ ಅಜ್ಜ ಉಂಡ, ಬಿದ್ದರೆ ಇಲ್ಲ. ಕೇಂದ್ರ ಇದನ್ನು 2004ರ ಜನವರಿ 1ರ ನಂತರ ಸೇರಿದವರಿಗೆ ತಂದಿತು. ಕರ್ನಾಟಕ 2006ರ ಏಪ್ರಿಲ್ 1ರಿಂದ ತಂದಿತು.

ಈ ಕೊನೆಯ ತಾರೀಖು ನೆನಪಿಡಿ. ಅದಾದ ಒಂಬತ್ತೇ ದಿನಕ್ಕೆ, 2006ರ ಏಪ್ರಿಲ್ 10ರಂದು, ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಉಮಾದೇವಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಆ ಕೇಸು ಹೋದದ್ದು ನಮ್ಮ ಕರ್ನಾಟಕದಿಂದಲೇ. ದಿನಗೂಲಿಗಳಾಗಿ, ತಾತ್ಕಾಲಿಕವಾಗಿ ಸೇರಿದವರು ಎಷ್ಟು ವರ್ಷ ದುಡಿದಿದ್ದರೂ ಖಾಯಂ ಮಾಡಿ ಅಂತ ಹಕ್ಕಿನಿಂದ ಕೇಳುವಂತಿಲ್ಲ ಅಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದವರಿಗೆ ಒಂದು ಸಲದ ಅವಕಾಶ ಮಾತ್ರ ಬಿಟ್ಟಿತು. ಅಂದರೆ ಒಂದೇ ತಿಂಗಳಲ್ಲಿ ಒಳಗೆ ಬಂದವನಿಗೆ ಪಿಂಚಣಿ ಇಲ್ಲ, ಹೊರಗೆ ನಿಂತವನಿಗೆ ಬಾಗಿಲೇ ಇಲ್ಲ. ಕೇರಿಯ ಮಕ್ಕಳು ಡಿಗ್ರಿ ಹಿಡಿದು ಬರೋ ಹೊತ್ತಿಗೆ ಮನೆಯ ಜಂತೆ ಕಿತ್ತರು, ಅಂಗಳಕ್ಕೆ ಬೇಲಿ ಹಾಕಿದರು. ಇದು ಬೇಕಂತಲೇ ಆಯ್ತೋ ತಾನಾಗೇ ಆಯ್ತೋ, ಬಿಡಿ. ಪೆಟ್ಟು ಬಿದ್ದದ್ದು ಯಾರ ಬೆನ್ನಿಗೆ ಅನ್ನೋದನ್ನು ನೋಡಿ.

ಪಂಡಿತರ ಮಾತಿನಲ್ಲಿ ಏನೂ ಹುರುಳಿಲ್ಲ ಅಂತ ನಾವು ಹೇಳಲ್ಲ. 2024-25ರ ಬಜೆಟ್ಟಿನಲ್ಲಿ ಕೇಂದ್ರದ ಪಿಂಚಣಿ ಬಾಬ್ತು ಎರಡು ಲಕ್ಷ ಕೋಟಿ ದಾಟಿತ್ತು. ರಾಜಸ್ಥಾನ, ಛತ್ತೀಸಗಢ, ಪಂಜಾಬ್, ಹಿಮಾಚಲ ಹಳೇ ಪದ್ಧತಿಗೆ ಹೊರಳಿದಾಗ, ಈಗ ಉಳಿದಂತೆ ಕಂಡರೂ ಮುಂದೆ ಭಾರ ಬೀಳುತ್ತೆ ಅಂತ 2023ರಲ್ಲಿ ರಿಸರ್ವ್ ಬ್ಯಾಂಕು ಎಚ್ಚರಿಸಿತು. ಸರಿ, ಲೆಕ್ಕ ಹಾಕೋಣ. ಆದರೆ ಎಲ್ಲಾ ಲೆಕ್ಕ ಹಾಕೋಣ.

2019ರ ಸೆಪ್ಟೆಂಬರ್ 20ರಂದು ಕಂಪನಿಗಳ ತೆರಿಗೆಯ ಮೂಲ ದರವನ್ನು 30ರಿಂದ 22ಕ್ಕೆ ಇಳಿಸಿದರು. ವರ್ಷಕ್ಕೆ 1.45 ಲಕ್ಷ ಕೋಟಿ ಬಿಟ್ಟುಕೊಡ್ತಿದ್ದೀವಿ ಅಂತ ಸರ್ಕಾರವೇ ಹೇಳಿತು. 2025ರ ಮಾರ್ಚಿನಲ್ಲಿ ನಮ್ಮ ವಿಧಾನಸಭೆ ಮಾಜಿ ಶಾಸಕರ ಪಿಂಚಣಿಯನ್ನು ತಿಂಗಳಿಗೆ 50 ಸಾವಿರದಿಂದ 75 ಸಾವಿರಕ್ಕೆ ಏರಿಸುವ ಮಸೂದೆ ಪಾಸು ಮಾಡಿತು. ಆವತ್ತು ಬೊಕ್ಕಸದ ಚಿಂತೆಯಿಂದ ನಿದ್ದೆಗೆಟ್ಟ ಪಂಡಿತರು ಎಷ್ಟು ಮಂದಿ? ಕಂಪನಿಗೆ ಬಿಟ್ಟರೆ ಪ್ರೋತ್ಸಾಹ, ಶಾಸಕನಿಗೆ ಕೊಟ್ಟರೆ ಗೌರವ, ಕೂಲಿಯವಳು ಕೇಳಿದರೆ ಬೊಕ್ಕಸದ ಮೇಲೆ ಹೊರೆ!

ಈಗ ನಮ್ಮ ಅಜ್ಜಿಯ ಲೆಕ್ಕ. ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡೋದು, ಎಂಬತ್ತು ದಾಟದವರಿಗೆ, ತಿಂಗಳಿಗೆ 200 ರೂಪಾಯಿ. 2007ರಲ್ಲೂ ಇನ್ನೂರು, 2025ರಲ್ಲೂ ಇನ್ನೂರು. ರಾಜ್ಯದ ಸಂಧ್ಯಾ ಸುರಕ್ಷಾ 2021ರಲ್ಲಿ 1,200 ಆಯಿತು. ಕಚೇರಿಯಿಂದ ಹಳೇ ಪದ್ಧತಿಯಲ್ಲಿ ನಿವೃತ್ತರಾದವರಿಗೆ ವರ್ಷಕ್ಕೆರಡು ಸಲ ತುಟ್ಟಿಭತ್ಯೆ ಏರುತ್ತೆ. ಅಜ್ಜಿಯ ಇನ್ನೂರಕ್ಕೆ ತುಟ್ಟಿಭತ್ಯೆ ಇಲ್ಲ. ಬೇಳೆ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ರೇಟು ತಾನೆ?

ಪಿಂಚಣಿ ದಾನವಲ್ಲ. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಈ ಮಾತು ಹೇಳಿದೆ. ಅದು ಯಜಮಾನನ ಕೃಪೆಯಲ್ಲ, ದುಡಿದವರು ದುಡಿದು ಗಳಿಸಿದ ಹಕ್ಕು. ಹಾಗಿದ್ದ ಮೇಲೆ ಬೆಂಗಳೂರಿನ ಬೀದಿ ಗುಡಿಸಿದವರು ದುಡಿದದ್ದು ಯಾವ ಲೆಕ್ಕಕ್ಕೆ?

2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. ಅದರ ಫಲವಾಗಿ 2025ರ ಮೇ 1ರಂದು ಬೆಂಗಳೂರಿನಲ್ಲಿ 12,692 ಜನಕ್ಕೆ ಖಾಯಂ ನೇಮಕದ ಆದೇಶ ಸಿಕ್ಕಿತು. ಇದು ಹೋರಾಡಿ ಗೆದ್ದದ್ದು, ಯಾರೂ ಕೊಟ್ಟದ್ದಲ್ಲ. ಆದರೆ ಒಬ್ಬ ತಾಯಿಯನ್ನು ಲೆಕ್ಕಕ್ಕೆ ತಗೊಳ್ಳಿ. ಇಪ್ಪತ್ತೈದಕ್ಕೆ ಪೊರಕೆ ಹಿಡಿದಳು, ಐವತ್ತಕ್ಕೆ ಆದೇಶ ಬಂತು. ಉಳಿದದ್ದು ಹತ್ತು ವರ್ಷ. ಆ ಹತ್ತು ವರ್ಷದ ವಂತಿಗೆಯಿಂದ ಎಷ್ಟು ಪಿಂಚಣಿ ಹುಟ್ಟೀತು? ಕೇಂದ್ರ ತನ್ನ ನೌಕರರಿಗೆ 2025ರ ಏಪ್ರಿಲ್‌ನಿಂದ ಏಕೀಕೃತ ಪಿಂಚಣಿ ತಂದಿದೆ. ಅದರಲ್ಲೂ ಅರ್ಧ ಸಂಬಳ ಪೂರ್ತಿ ಸಿಗಬೇಕಾದರೆ 25 ವರ್ಷ ಸೇವೆ ಬೇಕು. ಆ ತಾಯಿ ಇಪ್ಪತ್ತೈದು ವರ್ಷ ಗುಡಿಸಿಯೇ ಇದ್ದಾಳೆ! ಬೀದಿಗೆ ಗೊತ್ತು, ಅವಳ ಸೊಂಟಕ್ಕೆ ಗೊತ್ತು, ಸರ್ಕಾರದ ಕಾಗದಕ್ಕೆ ಮಾತ್ರ ಗೊತ್ತಿಲ್ಲ.

ಹಳೇ ಪಿಂಚಣಿಗೆ ಹೋರಾಡುವ ನೌಕರ ಬಂಧುಗಳಿಗೂ ನಮ್ಮದೊಂದು ಮಾತಿದೆ. ನಿಮ್ಮ ಬೇಡಿಕೆ ನ್ಯಾಯವಾದದ್ದು. ನಾವು ಜೊತೆಗಿದ್ದೀವಿ. ಆದರೆ ನಿಮ್ಮದೇ ಕಚೇರಿಯಲ್ಲಿ ಕಸ ತೆಗೆಯೋಳ ಹೆಸರು, ಜೀಪು ಓಡಿಸೋ ಹೊರಗುತ್ತಿಗೆಯವನ ಹೆಸರು ನಿಮ್ಮ ಮನವಿ ಪತ್ರದಲ್ಲಿ ಯಾಕಿಲ್ಲ? ಬೇಡಿಕೆ ಖಾಯಂ ಕುರ್ಚಿಯ ಹತ್ತಿರ ಬಂದು ನಿಂತರೆ ಅದೂ ಒಂದು ಅಗ್ರಹಾರವೇ.

ಹಾಸ್ಟೆಲಿನ ಗೆಳೆಯರೆ, ನಿಮ್ಮ ಕಿವಿಗೂ ಒಬ್ಬ ಬಂದು ಊದುತ್ತಾನೆ: "ನೋಡ್ರಪ್ಪಾ, ಸ್ಕಾಲರ್‌ಶಿಪ್ ದುಡ್ಡೆಲ್ಲಾ ಮುದುಕರ ಪಿಂಚಣಿ ತಿಂದ್ಬಿಡ್ತು." ನಂಬಬೇಡಿ. ಮೊಮ್ಮಗನ ತಟ್ಟೆಗೂ ಅಜ್ಜಿಯ ತಟ್ಟೆಗೂ ಜಗಳ ಹಚ್ಚಿ, ತಪ್ಪಲೆ ಹೊತ್ತುಕೊಂಡು ಹೋದವನನ್ನು ಮರೆಸೋ ಆಟ ಇದು. ಊರಲ್ಲಿ ಅವ್ವನಿಗೆ ಪಿಂಚಣಿ ಇಲ್ಲದಿದ್ದರೆ ಓದು ಬಿಟ್ಟು ಕೂಲಿಗೆ ಹೋಗೋನು ಯಾರು? ನೀನೇ. ನಾಳೆ ನಿನಗೆ ಕೆಲಸ ಸಿಕ್ಕರೆ, ಆ ಮೊದಲ ಸಂಬಳದಲ್ಲೇ ಅವ್ವನ ಔಷಧಿ, ತಂಗಿಯ ಫೀಜು, ನಿನ್ನ ಮುಪ್ಪಿನ ವಂತಿಗೆ ಮೂರೂ ಹೊರಡಬೇಕು. ಅಪ್ಪನ ಆಸ್ತಿ ಇದ್ದೋನಿಗೆ ಪೇಟೆ ಬಿದ್ದರೂ ಗದ್ದೆ ಇದೆ. ನಿನಗೇನಿದೆ?

ಆದ್ದರಿಂದ ನಮ್ಮ ಲೆಕ್ಕ ಕೆಳಗಿನಿಂದ ಶುರುವಾಗಲಿ.

ಪೊರಕೆ ಹಿಡಿದ ದಿನದಿಂದಲೇ ಸೇವೆ ಎಣಿಸಿ.

ಹಾಸ್ಟೆಲು, ಆಸ್ಪತ್ರೆ, ಪಂಚಾಯ್ತಿಗಳ ಹೊರಗುತ್ತಿಗೆ ನಿಲ್ಲಿಸಿ, ದುಡಿಯೋರನ್ನು ಸರ್ಕಾರದವರು ಅಂತ ಒಪ್ಪಿ.

ಅಜ್ಜಿಯ ಇನ್ನೂರಕ್ಕೂ ತುಟ್ಟಿಭತ್ಯೆ ಕಟ್ಟಿ.

ದುಡ್ಡೆಲ್ಲಿದೆ ಅಂತ ಕೇಳಿದರೆ 2019ರಲ್ಲಿ ಬಿಟ್ಟುಕೊಟ್ಟ ಕಡೆ ಬೆರಳು ತೋರಿಸಿ.

ಇದನ್ನು ಓದಿ ಮಡಿಚಿ ಇಡಬೇಡಿ. ಸಂಜೆ ಅಡುಗೆ ಮನೆಗೆ ಹೋಗಿ, ಅಡುಗೆಯವರ ಜೊತೆ ಕೂತು, ಅವರಿಗೂ ಓದಿ ಹೇಳಿ.